ಟೇಲರ್ ಸಾಹೇಬರು, ಬೋನಾಳ ಕೆರೆ ಮತ್ತು ನನ್ನ ಕೆಲಸ

ಸುವರ್ಣ ಮಹೋತ್ಸವದ ಸಂಚಿಕೆಗೆ ಹಿರಿಯರೊಬ್ಬರ ಜೀವನ ಬರೆದುಕೊಡಲು ನಮ್ಮ ಗುರುಗಳು ಹೇಳಿದಾಗ ನನಗೆ ಹೊಳೆದದ್ದು ಟೇಲರ್ ಸಾಹೇಬರ ಹೆಸರು. ಕಾರಣ ಸ್ವಂತದ್ದು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಇಂಜಿನಿಯರ್ ಎಂಬ ಪದಕ್ಕೆ ನನ್ನ ಕೆಲಸ ಯೋಗ್ಯವೇ ಎಂಬ ಅನುಮಾನ ಬಹಳ ದಿನದ್ದು.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. 1824ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಮುಂಬಯಿಯ ವ್ಯಾಪಾರಿಯೊಬ್ಬನ ಬಳಿಗೆ ಬಂದವರು ಬೇಗನೆ ನಿಜಾಮರ ಸೇವೆಗೆ ಸೇರಿದರು. 1841ರಲ್ಲಿ ಸುರಪುರಕ್ಕೆ ಬಂದರು. ಬಾಲಕ ರಾಜ ವೆಂಕಟಪ್ಪ ನಾಯಕರ ಕಾಲದಲ್ಲಿ 1853ರವರೆಗೆ ಸಂಸ್ಥಾನದ ಆಡಳಿತ ನೋಡಿದರು. ಇಂಜಿನಿಯರಿಂಗ್ ಕಾಲೇಜು ಕಂಡವರಲ್ಲ. ಭೂಮಾಪನ, ಕಟ್ಟಡ ವಿದ್ಯೆ, ಕಾನೂನು, ಎಲ್ಲವನ್ನೂ ಓದಿ, ಮಾಡಿ ಕಲಿತರು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವರದೇ. ನಾಯಕ ಅರಸರ ಕಾಲದ ಬೋನಾಳ ಕೆರೆಯನ್ನು ಸುಧಾರಿಸಿದರು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಅಂತರ ಅಳೆದು ಸಾಲಾಗಿಟ್ಟ ಪ್ರಾಚೀನ ಬಂಡೆಗಳ ಬಗ್ಗೆಯೂ ಬರೆದರು.

ಪದವಿ ಇಲ್ಲದವರು ಕೆರೆ ಸುಧಾರಿಸಿದ್ದು ಹೇಗೆ? ಕೆರೆಯ ವಿದ್ಯೆ ಅವರಿಗಿಂತ ಹಳೆಯದು. ನೀರಿನ ಒತ್ತಡ ತಳದಲ್ಲಿ ಹೆಚ್ಚು, ಹಾಗಾಗಿ ಏರಿಯ ಬುಡ ಅಗಲ. ಹೆಚ್ಚಾದ ನೀರು ಹೋಗಲು ಕೋಡಿ ಎಷ್ಟಿರಬೇಕೆಂದು ಮಳೆಗೆ ಮೊದಲೇ ಲೆಕ್ಕ ಹಾಕಬೇಕು. ತಪ್ಪಿದರೆ ಕೆಳಗಿನ ಹೊಲದವರು ಹೆಸರು ಹಿಡಿದು ಕೇಳುತ್ತಾರೆ.

ನಮ್ಮ ಕಸುಬು ಎಳೆಯದು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ಸಮ್ಮೇಳನ ಸಾಫ್ಟ್‌ವೇರ್ ಇಂಜಿನಿಯರಿಂಗ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದಿತು. ಆಗ ಅದು ಸಾಧನೆಗಿಂತ ಆಸೆಯೇ ಆಗಿತ್ತು. ನನ್ನದೇ ಕಥೆ ಹೇಳುವೆ. ಪಿಂಚಣಿಯ ಪ್ರೋಗ್ರಾಂ ಒಂದರಲ್ಲಿ, ಅಡ್ಡಹೆಸರಿನ ಜಾಗ ಖಾಲಿಯಿದ್ದರೆ ಅರ್ಜಿ ತಿರಸ್ಕೃತವಾಗುವಂತೆ ನಾನು ಬರೆದುಬಿಟ್ಟೆ. ನಮ್ಮ ಕಡೆಯ ಎಷ್ಟೋ ಅಜ್ಜಿಯರಿಗೆ ಇರುವುದು ಒಂದೇ ಹೆಸರು! ಒಂದು ತಿಂಗಳು ಅವರ ಹಣ ನಿಂತಿತು. ನನ್ನನ್ನು ಯಾರೂ ಕೇಳಲಿಲ್ಲ. ಯಾರು ಬರೆದದ್ದೆಂದು ಅವರಿಗೆ ಗೊತ್ತೇ ಇರಲಿಲ್ಲ.

ವಿಮಾನದ ಪ್ರೋಗ್ರಾಂಗಳಿಗೆ ಕಟ್ಟುನಿಟ್ಟಿನ ಪರೀಕ್ಷೆ, ದಾಖಲೆ, ಒಪ್ಪಿಗೆ ಬೇಕೇ ಬೇಕು. ಅಂದರೆ ನಮ್ಮ ಕೆಲಸವೂ ಇಂಜಿನಿಯರಿಂಗ್ ಆಗಬಲ್ಲದು. ಅಜ್ಜಿಯ ಪಿಂಚಣಿಗೆ ಅಷ್ಟು ಕಟ್ಟುನಿಟ್ಟು ಬೇಡವೆಂದು ನಾವೇ ತೀರ್ಮಾನಿಸಿಕೊಂಡಿದ್ದೇವೆ, ಅಷ್ಟೇ.

ಟೇಲರ್ ಪರದೇಶಿ ಆಳ್ವಿಕೆಯ ಅಧಿಕಾರಿ ಎಂಬುದನ್ನು ನಾನು ಮರೆತಿಲ್ಲ. ಅವರನ್ನು ಅಪ್ಪಾ ಎನ್ನುತ್ತಿದ್ದ ವೆಂಕಟಪ್ಪ ನಾಯಕರೇ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದರು, ಸೆರೆಸಿಕ್ಕರು, ಗುಂಡಿಗೆ ಬಲಿಯಾದರು. ಟೇಲರ್ 1876ರಲ್ಲಿ ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡರು.

ಈಗ ನಾನು ಬರೆದ ಪ್ರತಿ ಪ್ರೋಗ್ರಾಂನ ಮೊದಲ ಸಾಲಿನಲ್ಲಿ ನನ್ನ ಹೆಸರಿರುತ್ತದೆ. ಒಂದೇ ಹೆಸರಿನ ಅಜ್ಜಿಯೊಬ್ಬಳು ನನ್ನ ಪರೀಕ್ಷಾ ಪಟ್ಟಿಯಲ್ಲಿ ಯಾವಾಗಲೂ ಇರುತ್ತಾಳೆ.