ಡಯಾನ್ ಫಾಸಿ

ಡಯಾನ್ ಫಾಸಿ (ಜನವರಿ 16, 1932 – ಡಿಸೆಂಬರ್ 26, 1985) ಅಮೆರಿಕದ ಪ್ರಾಣಿವಿಜ್ಞಾನಿ. ಮಧ್ಯ ಆಫ್ರಿಕಾದ ವಿರುಂಗಾ ಪರ್ವತಶ್ರೇಣಿಯಲ್ಲಿ ಪರ್ವತ ಗೊರಿಲ್ಲಾಗಳ ಕುರಿತು ಸುಮಾರು 18 ವರ್ಷಗಳ ಕಾಲ ಸಂಶೋಧನೆ ನಡೆಸಿದರು. ಇಂದು ಮಾರ್ಗದರ್ಶಕರೊಡನೆ ಕಾಡು ಹತ್ತಿ ಈ ವಾನರಗಳನ್ನು ಕಂಡುಬರುವ ಚಾರಣಿಗರು ಇವರ ದುಡಿಮೆಗೆ ಋಣಿಗಳು. ಆದರೆ ಅಂತಹ ಪ್ರವಾಸವನ್ನು ಇವರು ಬಲವಾಗಿ ವಿರೋಧಿಸಿದ್ದರು.

ಆರಂಭಿಕ ಜೀವನ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿದ ಫಾಸಿ, 1954ರಲ್ಲಿ ಆಕ್ಯುಪೇಷನಲ್ ಥೆರಪಿಯಲ್ಲಿ ಪದವಿ ಪಡೆದು, ಕೆಂಟಕಿಯ ಲೂಯಿವಿಲ್‌ನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದರು. 1963ರಲ್ಲಿ ಸಾಲ ಮಾಡಿ ಆಫ್ರಿಕಾಕ್ಕೆ ತೆರಳಿದರು. ಓಲ್ಡುವಾಯ್ ಕಮರಿಯಲ್ಲಿ ಮಾನವಶಾಸ್ತ್ರಜ್ಞ ಲೂಯಿ ಲೀಕಿ ಅವರನ್ನು ಭೇಟಿಯಾದರು. ಅಲ್ಲಿ ಜಾರಿ ಬಿದ್ದು ಕಾಲಿನ ಹರಡಿಗೆ ಪೆಟ್ಟಾದರೂ ಹಿಂದಿರುಗದೆ ಕಾಂಗೋದ ಮಿಕೆನೊ ಪರ್ವತವನ್ನು ಏರಿದರು. ಸನ್ವೆಕ್ವೆ ಎಂಬ ಅನುಭವಿ ಜಾಡುಗಾರನ ನೆರವಿನಿಂದ ಮೊದಲ ಬಾರಿಗೆ ಗೊರಿಲ್ಲಾಗಳನ್ನು ಕಂಡರು. ಹೀಗೆ ಅವರೂ ಆ ಕಾಡನ್ನು ಪ್ರವೇಶಿಸಿದ್ದು ಪ್ರವಾಸಿಯಾಗಿಯೇ ಎಂಬುದು ಗಮನಾರ್ಹ.

ಕಾರಿಸೊಕೆ

ಲೀಕಿಯವರ ಬೆಂಬಲದಿಂದ 1967ರ ಆರಂಭದಲ್ಲಿ ಕಾಂಗೋದಲ್ಲಿ ಅಧ್ಯಯನ ಆರಂಭವಾಯಿತು. ಅಲ್ಲಿನ ರಾಜಕೀಯ ಗಲಭೆಯಿಂದಾಗಿ ಕೆಲವೇ ತಿಂಗಳಲ್ಲಿ ನೆರೆಯ ರುವಾಂಡಕ್ಕೆ ಹೋಗಬೇಕಾಯಿತು. ಅದೇ ವರ್ಷದ ಸೆಪ್ಟೆಂಬರ್ 24ರಂದು ಕಾರಿಸಿಂಬಿ ಮತ್ತು ವಿಸೊಕೆ ಜ್ವಾಲಾಮುಖಿ ಪರ್ವತಗಳ ನಡುವೆ ಶಿಬಿರವನ್ನು ಸ್ಥಾಪಿಸಿ, ಎರಡೂ ಹೆಸರುಗಳ ತುಣುಕುಗಳನ್ನು ಕೂಡಿಸಿ ಕಾರಿಸೊಕೆ ಎಂದು ಹೆಸರಿಟ್ಟರು.

ಗೊರಿಲ್ಲಾಗಳು ಮನುಷ್ಯರನ್ನು ಕಂಡೊಡನೆ ಓಡುತ್ತಿದ್ದವು. ಫಾಸಿ ಬಾಗಿ, ಮುಂಗೈ ಗೆಣ್ಣುಗಳನ್ನು ನೆಲಕ್ಕೂರಿ ಸಮೀಪಿಸುತ್ತಿದ್ದರು. ಕಾಡುಸೊಪ್ಪನ್ನು ಅಗಿಯುತ್ತ, ಅವು ತೃಪ್ತಿಯಿಂದಿರುವಾಗ ಹೊರಡಿಸುವ ದನಿಯನ್ನು ಅನುಕರಿಸುತ್ತಿದ್ದರು. ಪ್ರತಿಯೊಂದನ್ನೂ ಮೂಗಿನ ಮೇಲಿನ ಗೆರೆಗಳಿಂದ ಗುರುತಿಸುತ್ತಿದ್ದರು. 1970ರಲ್ಲಿ ಪೀನಟ್ಸ್ ಎಂದು ಹೆಸರಿಸಿದ್ದ ಗಂಡು ಗೊರಿಲ್ಲಾ ತಾನಾಗಿಯೇ ಅವರ ಕೈಯನ್ನು ಮುಟ್ಟಿತು. ಕ್ರೂರ ಮೃಗವೆಂದು ಪ್ರಚಲಿತವಾಗಿದ್ದ ಚಿತ್ರ ಬದಲಾಗಲು ಇಂತಹ ಘಟನೆಗಳು ಕಾರಣವಾದವು. ಮುಂದೆ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

1977ರ ಡಿಸೆಂಬರ್ 31ರಂದು ಕಳ್ಳಬೇಟೆಗಾರರು ಅವರ ಪ್ರೀತಿಯ ಡಿಜಿಟ್‌ನನ್ನು ಕೊಂದು ತಲೆ ಮತ್ತು ಕೈಗಳನ್ನು ಕತ್ತರಿಸಿ ಒಯ್ದರು. ಅನಂತರ ಫಾಸಿ ಡಿಜಿಟ್ ನಿಧಿಯನ್ನು ಸ್ಥಾಪಿಸಿ, ಉರುಳುಗಳನ್ನು ನಾಶಪಡಿಸುವ ಕಾವಲು ಪಡೆಗಳನ್ನು ಬಲಪಡಿಸಿದರು. ಸೆರೆಸಿಕ್ಕ ಬೇಟೆಗಾರರನ್ನು ಅವರು ನಡೆಸಿಕೊಂಡ ಕಠೋರ ರೀತಿ ಮಾತ್ರ ಸಮರ್ಥನೀಯವಲ್ಲ. ಸುತ್ತಲಿನ ಹಳ್ಳಿಗರ ವಿರೋಧವನ್ನೂ ಅದು ತಂದಿತು.

ಪ್ರವಾಸೋದ್ಯಮದ ಪ್ರಶ್ನೆ

1970ರ ದಶಕದ ಕೊನೆಯಲ್ಲಿ ಇತರ ಸಂರಕ್ಷಕರು ನಿಯಂತ್ರಿತ ಪ್ರವಾಸದ ಆದಾಯದಿಂದ ಕಾಡನ್ನು ಉಳಿಸಬಹುದೆಂದು ವಾದಿಸಿದರು. ಮನುಷ್ಯರ ರೋಗಗಳು ತಗಲುತ್ತವೆ, ಮನುಷ್ಯನನ್ನು ನಂಬಿದ ಪ್ರಾಣಿ ಬೇಟೆಗಾರನಿಗೂ ಸುಲಭವಾಗಿ ಸಿಗುತ್ತದೆ ಎಂಬುದು ಫಾಸಿಯವರ ಆಕ್ಷೇಪವಾಗಿತ್ತು. ಅವರ ಭಯ ನಿರಾಧಾರವಾಗಿರಲಿಲ್ಲ. ಈಗಿನ ಚಾರಣದ ನಿಯಮಗಳಲ್ಲಿ ಅದರ ನೆರಳಿದೆ: ಒಂದು ಗುಂಪನ್ನು ದಿನಕ್ಕೆ ಎಂಟು ಮಂದಿ ಮಾತ್ರ, ಒಂದು ಗಂಟೆ ಮಾತ್ರ, ದೂರದಿಂದ ನೋಡಬಹುದು, ಕಾಯಿಲೆಯವರಿಗೆ ಪ್ರವೇಶವಿಲ್ಲ. ರುವಾಂಡದಲ್ಲಿ 2017ರಿಂದ ವಿದೇಶಿಯರ ಪರವಾನಗಿ ಶುಲ್ಕ 1,500 ಡಾಲರ್‌ಗಳಾಗಿದ್ದು, ಉದ್ಯಾನಗಳ ಪ್ರವಾಸೋದ್ಯಮ ಆದಾಯದ ಶೇ. 10 ಭಾಗ ಸುತ್ತಲಿನ ಜನರಿಗೆ ಸಲ್ಲುತ್ತದೆ. 1980ರ ದಶಕದ ಆರಂಭದಲ್ಲಿ ವಿರುಂಗಾದಲ್ಲಿ ಸುಮಾರು 250ಕ್ಕೆ ಇಳಿದಿದ್ದ ಗೊರಿಲ್ಲಾಗಳ ಸಂಖ್ಯೆ 2015–16ರ ಗಣತಿಯಲ್ಲಿ 604 ಆಗಿತ್ತು. ಇದರ ಶ್ರೇಯಸ್ಸು ಎರಡೂ ಪಕ್ಷಗಳಿಗೆ ಸೇರುತ್ತದೆ.

ನಿಧನ

1983ರಲ್ಲಿ ಫಾಸಿಯವರ ಗ್ರಂಥ ‘ಗೊರಿಲ್ಲಾಸ್ ಇನ್ ದ ಮಿಸ್ಟ್’ ಪ್ರಕಟವಾಯಿತು. ಎರಡು ವರ್ಷಗಳ ನಂತರ ಕಾರಿಸೊಕೆಯ ತಮ್ಮ ಮನೆಯಲ್ಲಿಯೇ ಅವರು ಕೊಲೆಯಾದರು. ಅಮೆರಿಕದ ಸಂಶೋಧಕನೊಬ್ಬನನ್ನು ರುವಾಂಡದ ನ್ಯಾಯಾಲಯ ಆತನ ಗೈರುಹಾಜರಿಯಲ್ಲಿ ಅಪರಾಧಿಯೆಂದು ಘೋಷಿಸಿತಾದರೂ ಆತ ಆರೋಪವನ್ನು ನಿರಾಕರಿಸಿದನು. ಅವರ ಸಮಾಧಿ ಕಾರಿಸೊಕೆಯ ಗೊರಿಲ್ಲಾಗಳ ಸ್ಮಶಾನದಲ್ಲಿ, ಡಿಜಿಟ್‌ನ ಪಕ್ಕದಲ್ಲಿದೆ. ಅಲ್ಲಿಗೂ ಈಗ ಮಾರ್ಗದರ್ಶಕರು ಚಾರಣಿಗರನ್ನು ಕರೆದೊಯ್ಯುತ್ತಾರೆ.