ಇಂಜಿನ್ ಬಿಸಿಯಾದಾಗ ನೆನಪಾಗಬೇಕಾದ ಮೈಬಾಖ್

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಬಾಹಾ ಟೀಮಿನ ಎಟಿವಿ ಒಂದು ಕೆಟ್ಟ ಅಭ್ಯಾಸ ಕಲಿತಿತ್ತು. ಟೆಸ್ಟಿಂಗ್‌ಗೆ ತೆಗೆದರೆ ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿ ಓಡೋದು. ಆಮೇಲೆ ಪಿಕಪ್ ಇಳಿದು, ಎಣ್ಣೆ ಸುಟ್ಟ ವಾಸನೆ ಬಂದು, ಯಾವುದಾದರೂ ಏರಿನಲ್ಲಿ ನಿಂತೇಬಿಡೋದು. ಅರ್ಧ ಗಂಟೆ ಬಿಟ್ಟು ಹಗ್ಗ ಎಳೆದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್. ಓವರ್‌ಹೀಟಿಂಗ್ ಅಂತ ಎಲ್ಲರಿಗೂ ಗೊತ್ತಿತ್ತು, ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕಾರಣ ಹುಡುಕುತ್ತಾ ಇಂಜಿನ್ ಕೂಲಿಂಗ್ ಬಗ್ಗೆ ಓದಲು ಕೂತವನು ಸಿಕ್ಕಿಹಾಕಿಕೊಂಡಿದ್ದು ವಿಲ್ಹೆಲ್ಮ್ ಮೈಬಾಖ್ ಜೀವನದಲ್ಲಿ. ನಾವೆಲ್ಲ ಮೇಬ್ಯಾಕ್ ಅಂತೀವಲ್ಲ, ಸಿನಿಮಾದವರು ಕೊಳ್ಳೋ ಕಾರು, ಅದೇ ಹೆಸರು.

ಮೈಬಾಖ್ ಹುಟ್ಟಿದ್ದು 1846ರ ಫೆಬ್ರವರಿ 9ರಂದು, ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ. ಅಪ್ಪ ಬಡಗಿ. ಹತ್ತು ವರ್ಷ ಆಗುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ಇಲ್ಲ. ಗುಸ್ತಾವ್ ವೆರ್ನರ್ ಅನ್ನೋ ಪಾದ್ರಿ ರಾಯ್ಟ್‌ಲಿಂಗೆನ್‌ನಲ್ಲಿ ನಡೆಸುತ್ತಿದ್ದ ಅನಾಥಾಶ್ರಮಕ್ಕೆ ಹುಡುಗ ಬಂದ. ಅಲ್ಲಿ ಒಂದು ಮೆಷಿನ್ ವರ್ಕ್‌ಶಾಪ್ ಇತ್ತು. ಹುಡುಗನ ಕೈ ಯಾವ ಕಡೆ ಓಡುತ್ತೆ ಅಂತ ವೆರ್ನರ್ ಗಮನಿಸಿ ಡ್ರಾಯಿಂಗ್ ಕಲಿಸಿದರು, ಗಣಿತ ಮತ್ತು ಫಿಸಿಕ್ಸ್‌ಗೆ ಊರಿನ ಶಾಲೆಗೂ ಕಳಿಸಿದರು. ಆ ವರ್ಕ್‌ಶಾಪ್ ನೋಡಿಕೊಳ್ಳಲು ಬಂದವರು ಗಾಟ್‌ಲೀಬ್ ಡೈಮ್ಲರ್. ಅವರಿಗೆ ಈ ಹುಡುಗ ಕಣ್ಣಿಗೆ ಬಿದ್ದಾಗ ಹುಡುಗನಿಗೆ 19 ವರ್ಷ. (ನನಗೂ ಈಗ 19. ನಾನಿನ್ನೂ ಮೆಷಿನ್ ಡ್ರಾಯಿಂಗ್‌ನಲ್ಲಿ ಸೆಕ್ಷನ್ ಲೈನ್ ತಪ್ಪು ಹಾಕ್ತಿದೀನಿ.)

ಅಲ್ಲಿಂದ ಮುಂದೆ ಡೈಮ್ಲರ್ ಎಲ್ಲಿಗೆ ಹೋದರೆ ಮೈಬಾಖ್ ಅಲ್ಲಿಗೆ. ಕಾರ್ಲ್ಸ್‌ರುಹ, ಆಮೇಲೆ 1872ರಲ್ಲಿ ನಿಕೊಲಾಸ್ ಆಟೋ ಅವರ ಡಾಯ್ಟ್ಸ್ ಫ್ಯಾಕ್ಟರಿ. ನಾವು ಥರ್ಮೋದಲ್ಲಿ ಬಾಯಿಪಾಠ ಮಾಡುವ ಆಟೋ ಸೈಕಲ್‌ನ 1876ರ ಇಂಜಿನ್ ಮಾರಾಟಕ್ಕೆ ಬರುವ ಮಟ್ಟಕ್ಕೆ ತಿದ್ದಿದ್ದರಲ್ಲಿ ಮೈಬಾಖ್ ಕೈ ದೊಡ್ಡದು. 1882ರಲ್ಲಿ ಡೈಮ್ಲರ್ ಜಗಳವಾಡಿ ಹೊರಬಂದರು, ಇವರೂ ಬಂದರು. ಕಾನ್‌ಸ್ಟಾಟ್‌ನಲ್ಲಿ ಡೈಮ್ಲರ್ ಮನೆಯ ತೋಟದಲ್ಲಿದ್ದ ಗಾಜಿನ ಮನೆಯೇ ವರ್ಕ್‌ಶಾಪ್ ಆಯ್ತು. ಒಳಗೆ ಏನೋ ಗುಟ್ಟಾಗಿ ನಡೀತಿದೆ, ಖೋಟಾ ನಾಣ್ಯ ಮಾಡ್ತಿರಬೇಕು ಅಂತ ತೋಟದ ಮಾಲಿ ಪೊಲೀಸರಿಗೆ ಹೇಳಿದ ಅನ್ನೋ ಕಥೆ ಇದೆ. ಪೊಲೀಸರು ಬಂದು ನೋಡಿದರೆ ಬರೀ ಇಂಜಿನ್.

ಬಿಸಿಯ ವಿಷಯ ಶುರುವಾಗೋದು ಇಲ್ಲೇ. ಆಟೋ ಇಂಜಿನ್ ನಿಮಿಷಕ್ಕೆ 180 ಸುತ್ತಿನ ಆಸುಪಾಸು ತಿರುಗುತ್ತಿತ್ತು. ತೋಟದ ಮನೆಯ ಇಂಜಿನ್ 600 ದಾಟಿತು. ಗಾತ್ರ ಚಿಕ್ಕದು, ವೇಗ ಜಾಸ್ತಿ. ಅಂದ್ರೆ ಅಷ್ಟೇ ಚಿಕ್ಕ ಕಬ್ಬಿಣದ ಮೈಯಿಂದ ಪ್ರತಿ ನಿಮಿಷ ಮೊದಲಿಗಿಂತ ಎಷ್ಟೋ ಹೆಚ್ಚು ಶಾಖ ಹೊರಗೆ ಹೋಗಬೇಕು. ಮೇಲಿಂದ ಇಗ್ನಿಷನ್ ಬೇರೆ ಬೆಂಕಿಯದ್ದೇ: ಬರ್ನರ್‌ನಿಂದ ಕೆಂಪಗೆ ಕಾಯಿಸಿಟ್ಟ ಒಂದು ಸಣ್ಣ ಟ್ಯೂಬ್. 1885ರಲ್ಲಿ ಅರ್ಧ ಹಾರ್ಸ್‌ಪವರ್‌ನ 264 ಸಿಸಿ ಇಂಜಿನ್ ಕೂರಿಸಿದ ಮರದ ಬೈಕನ್ನು ಡೈಮ್ಲರ್ ಮಗ ಓಡಿಸಿದಾಗ ಸೀಟಿಗೇ ಬೆಂಕಿ ಹತ್ತಿತಂತೆ. ಟ್ಯೂಬ್ ಇದ್ದದ್ದು ಸರಿಯಾಗಿ ಸೀಟಿನ ಕೆಳಗೆ!

ಆ ಪುಟ್ಟ ಇಂಜಿನ್‌ಗೆ ಗಾಳಿ ಸಾಕಾಯ್ತು. ಪವರ್ ಏರಿದಂತೆ ನೀರು ಬೇಕಾಯ್ತು. ಆದರೆ ನೀರು ಶಾಖವನ್ನು ಹೊತ್ತುಕೊಂಡು ಹೋಗುತ್ತೆ ಅಷ್ಟೇ, ಎಲ್ಲೋ ಒಂದು ಕಡೆ ಇಳಿಸಲೇಬೇಕು. ಇಳಿಸದಿದ್ದರೆ ಕುದಿದು ಆವಿ. ಎಲ್ಲಿ ಇಳಿಸೋದು ಅನ್ನೋ ಪ್ರಶ್ನೆ ಮೈಬಾಖ್‌ರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಿಡಲಿಲ್ಲ. 1889ರ ಸ್ಟೀಲ್ ಚಕ್ರದ ಕಾರಿನಲ್ಲಿ ಚಾಸಿಯ ಪೈಪುಗಳ ಒಳಗೇ ನೀರು ಹರಿಸಿದರು. ನಮ್ಮ ರೋಲ್ ಕೇಜ್ ಪೈಪಿನಲ್ಲಿ ನೀರು ಬಿಟ್ಟ ಹಾಗೆ! ಆಮೇಲೆ ಫ್ಲೈವೀಲ್‌ನ ಟೊಳ್ಳು ಅಂಚಿಗೆ ನೀರು ಬಿಟ್ಟು, ತಿರುಗುವಾಗ ಗಾಳಿಗೆ ಆರಿಸಿ ವಾಪಸ್ ಎಳೆದುಕೊಂಡರು. 1897ಕ್ಕೆ ತೆಳುವಾದ ಟ್ಯೂಬುಗಳ ರೇಡಿಯೇಟರ್ ಬಂತು. ಒಂದೊಂದೂ ಹಿಂದಿನದಕ್ಕಿಂತ ವಾಸಿ, ಒಂದೊಂದೂ ಮುಂದಿನ ಇಂಜಿನ್‌ಗೆ ಸಾಲದು.

ನಡುವೆ ಕಂಪನಿಯ ರಾಜಕೀಯ. 1890ರಲ್ಲಿ ಡೈಮ್ಲರ್ ಕಂಪನಿ ಶುರುವಾದಾಗ ದುಡ್ಡು ಹಾಕಿದವರು ಮೈಬಾಖ್‌ಗೆ ಸರಿಯಾದ ಜಾಗ ಕೊಡಲಿಲ್ಲ. 1891ರಲ್ಲಿ ಅವರು ಹೊರಬಂದು, ಹಿಂದೆ ಹೋಟೆಲ್ ಆಗಿದ್ದ ಒಂದು ಕಟ್ಟಡದಲ್ಲಿ ಕೂತು ಕೆಲಸ ಮುಂದುವರಿಸಿದರು. 1893ರ ಹೊತ್ತಿಗೆ ಅಲ್ಲಿಂದ ಬಂದದ್ದು ಸ್ಪ್ರೇ ನಾಝಲ್ ಕಾರ್ಬ್ಯುರೇಟರ್, ನಮ್ಮ ಎಟಿವಿ ಕಾರ್ಬ್ಯುರೇಟರ್‌ನ ಮುತ್ತಜ್ಜ. 1895ರಲ್ಲಿ ಕಂಪನಿಯವರೇ ಮತ್ತೆ ಒಳಗೆ ಕರೆದುಕೊಂಡರು.

1900 ಕೆಟ್ಟ ವರ್ಷ. ಮಾರ್ಚ್ 6ರಂದು ಡೈಮ್ಲರ್ ತೀರಿಕೊಂಡರು. ಅದೇ ತಿಂಗಳ ಕೊನೆಗೆ ಫ್ರಾನ್ಸಿನ ನೀಸ್ ಹತ್ತಿರದ ಬೆಟ್ಟದ ರೇಸಿನಲ್ಲಿ ಕಂಪನಿಯ ಫೀನಿಕ್ಸ್ ಕಾರು ಬಂಡೆಗೆ ಹೊಡೆದು ಚಾಲಕ ವಿಲ್ಹೆಲ್ಮ್ ಬವರ್ ಸತ್ತರು. ಎತ್ತರದ, ಮೂತಿ ಭಾರದ ಕಾರು ಅದು. ಕಂಪನಿಯ ದೊಡ್ಡ ಗಿರಾಕಿ ಎಮಿಲ್ ಯೆಲಿನೆಕ್ ಮಾತ್ರ ರೇಸು ಬಿಡುವ ಆಸಾಮಿ ಅಲ್ಲ. ತಗ್ಗಾದ, ಅಗಲವಾದ, ಹಗುರವಾದ, ಇನ್ನೂ ಪವರ್ ಇರೋ ಕಾರು ಬೇಕು ಅಂತ ಕೂತ. 36 ಕಾರಿಗೆ ಆರ್ಡರ್ ಕೊಟ್ಟ.

ಹಗುರ ಮಾಡಬೇಕು ಅಂದ್ರೆ ನೀರೂ ತೂಕವೇ. ಮೈಬಾಖ್ ಉತ್ತರ ನೋಡಿ: 6 ಮಿಲಿಮೀಟರ್ ಚೌಕದ 8,070 ಟ್ಯೂಬುಗಳನ್ನು ಜೇನುಗೂಡಿನ ಹಾಗೆ ಒತ್ತೊತ್ತಾಗಿ ಜೋಡಿಸಿ ಬೆಸುಗೆ ಹಾಕಿದ ರೇಡಿಯೇಟರ್. ಟ್ಯೂಬಿನ ಒಳಗೆ ಗಾಳಿ, ಟ್ಯೂಬುಗಳ ಸಂದಿಯಲ್ಲಿ ತೆಳ್ಳಗೆ ಹರಿಯುವ ನೀರು. ಕಾರು ನಿಧಾನಕ್ಕೆ ಹೋಗುವಾಗಲೂ ಗಾಳಿ ಎಳೆಯಲಿ ಅಂತ ಹಿಂದೆ ಒಂದು ಫ್ಯಾನ್. 18 ಲೀಟರ್ ಬೇಕಿದ್ದ ಕಡೆ 9 ಲೀಟರ್ ಸಾಕಾಯ್ತು. ಹೀಟ್ ಟ್ರಾನ್ಸ್‌ಫರ್ ಕ್ಲಾಸಿನಲ್ಲಿ ಏರಿಯಾ ಏರಿಯಾ ಅಂತ ಬಡ್ಕೋತಾರಲ್ಲ, ನನಗೆ ಅದು ಅರ್ಥವಾಗಿದ್ದು ಈ ಲೆಕ್ಕ ನೋಡಿದ ಮೇಲೆ. ಇಂಜಿನ್ ಪವರ್ 35 ಹಾರ್ಸ್‌ಪವರ್‌ಗೆ ಏರಿತು, ನೀರು ಅರ್ಧಕ್ಕೆ ಇಳಿಯಿತು. 1901ರ ಮಾರ್ಚ್‌ನಲ್ಲಿ ಅದೇ ನೀಸ್‌ನಲ್ಲಿ ಈ ಕಾರು ಎಲ್ಲರನ್ನೂ ಹಿಂದೆ ಹಾಕಿತು. ಕಾರಿಗಿಟ್ಟ ಹೆಸರು ಯೆಲಿನೆಕ್ ಮಗಳದ್ದು: ಮರ್ಸಿಡಿಸ್. ಕಂಪನಿಗೆ ಡೈಮ್ಲರ್ ಹೆಸರು, ಕಾರಿಗೆ ಗಿರಾಕಿ ಮಗಳ ಹೆಸರು, ಡ್ರಾಯಿಂಗ್ ಮಾತ್ರ ಮೈಬಾಖ್‌ರದ್ದು. ನನಗೆ ಇದು ಇವತ್ತಿಗೂ ಸರಿ ಅನ್ನಿಸಲ್ಲ.

ನಮ್ಮ ಶೆಡ್ ವಿಷಯಕ್ಕೆ ಬರ್ತೀನಿ. ನಮ್ಮದು ಏರ್ ಕೂಲ್ಡ್ ಇಂಜಿನ್, ರೇಡಿಯೇಟರ್ ಇಲ್ಲ. ಆಯಿಲ್ ಲೆವೆಲ್ ನೋಡಿದೆವು, ಸರಿ ಇತ್ತು. ಪೆಟ್ರೋಲ್ ಕಡಿಮೆ ಗಾಳಿ ಜಾಸ್ತಿ ಆದರೂ ಇಂಜಿನ್ ಕಾಯುತ್ತೆ ಅಂತ ಪ್ಲಗ್ ಬಿಚ್ಚಿದೆವು, ಬೆಳ್ಳಗಾಗಿರಲಿಲ್ಲ, ಕಂದು ಬಣ್ಣವೇ ಇತ್ತು. ಮೈಬಾಖ್ ಓದಿದ ಮೇಲೆ ನಾನು ಕೇಳಿದ್ದು ಒಂದೇ: ಗಾಳಿ ಎಲ್ಲಿಂದ ಬರುತ್ತೆ, ಎಲ್ಲಿಂದ ಹೋಗುತ್ತೆ? ಫ್ಯಾನಿನ ಮೇಲಿನ ಕವರ್ ಬಿಚ್ಚಿದರೆ ಫಿನ್‌ಗಳ ಸಂದಿಯೆಲ್ಲ ಒಣಗಿದ ಕೆಸರು, ಹುಲ್ಲು. ಸಾಲದ್ದಕ್ಕೆ ಸೀಟಿನ ಹಿಂದಿನ ತಗಡನ್ನು ನಾವೇ ಫ್ಯಾನಿನ ಬಾಯಿಗೆ ಹತ್ತಿರ ತಂದು ಕೂರಿಸಿದ್ದೆವು. ಹೊರಗೆ ಹೋದ ಬಿಸಿ ಗಾಳಿಯನ್ನೇ ಇಂಜಿನ್ ಮತ್ತೆ ಎಳೀತಿತ್ತು.

ಮೈಬಾಖ್ 1907ರಲ್ಲಿ ಕಂಪನಿ ಬಿಟ್ಟರು, ಆ ಸಲ ಶಾಶ್ವತವಾಗಿ. 1909ರಲ್ಲಿ ಜೆಪ್ಲಿನ್ ವಾಯುನೌಕೆಗಳಿಗೆ ಇಂಜಿನ್ ಮಾಡುವ ಕಂಪನಿ ಶುರುವಾಯ್ತು, ಅದರ ತಾಂತ್ರಿಕ ಹೊಣೆ ಹೊತ್ತವರು ಮಗ ಕಾರ್ಲ್. ಸಿನಿಮಾದವರ ಕಾರಿನ ಹೆಸರು ಬಂದಿದ್ದು ಆ ಕಂಪನಿ ಆಮೇಲೆ ಮಾಡಿದ ಕಾರುಗಳಿಂದ. ಡಿಗ್ರಿ ಇಲ್ಲದ ಅಪ್ಪನಿಗೆ 1916ರಲ್ಲಿ ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1929ರ ಡಿಸೆಂಬರ್ 29ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡರು. ಸಮಾಧಿ ಕಾನ್‌ಸ್ಟಾಟ್‌ನಲ್ಲೇ, ಡೈಮ್ಲರ್ ಇರುವ ಅದೇ ಸ್ಮಶಾನದಲ್ಲಿ.

ತಗಡನ್ನು ದೂರ ಸರಿಸಿ, ಫಿನ್ ತೊಳೆದು ಓಡಿಸಿದ ದಿನ ನಮ್ಮ ಬಂಡಿ ಒಂದೂವರೆ ಗಂಟೆ ನಿಲ್ಲಲಿಲ್ಲ. ಈಗ ಪ್ರತಿ ಟೆಸ್ಟಿಂಗ್ ಮುಂಚೆ ಯಾರಾದರೂ ಬ್ರಷ್ ಹಿಡಿದು ಫಿನ್ ಉಜ್ಜಬೇಕು ಅಂತ ಸೀನಿಯರ್‌ಗಳು ರೂಲ್ ಮಾಡಿದ್ದಾರೆ. ಈ ತಿಂಗಳ ಡ್ಯೂಟಿ ನನ್ನದು.