ಹಿಮನದಿಯ ನಡಿಗೆಯನ್ನು ಅಳೆದ ಅಗಾಸಿ

ಉನ್ನತ ಪರ್ವತಗಳ ಮೇಲೆ ವರ್ಷವರ್ಷವೂ ಬೀಳುವ ಹಿಮವು ಒತ್ತಡದಿಂದ ಮಂಜುಗಡ್ಡೆಯಾಗಿ, ತನ್ನ ಭಾರದಿಂದಲೇ ಇಳಿಜಾರಿನಲ್ಲಿ ಮೆಲ್ಲನೆ ಸರಿಯುತ್ತದೆ. ಅದೇ ಹಿಮನದಿ. ಕಣ್ಣಿಗೆ ನಿಶ್ಚಲವಾಗಿ ತೋರುವ ಈ ನದಿಯ ವೇಗವನ್ನು ಅಳೆಯಲು ಹೊರಟವರಲ್ಲಿ ಲೂಯಿ ಅಗಾಸಿ ಪ್ರಮುಖನು.

ಅಗಾಸಿಯು 1807ರಲ್ಲಿ ಸ್ವಿಟ್ಜರ್ಲೆಂಡಿನ ಗ್ರಾಮವೊಂದರಲ್ಲಿ ಪಾದ್ರಿಯ ಮಗನಾಗಿ ಜನಿಸಿದನು. ವೈದ್ಯಶಾಸ್ತ್ರವನ್ನು ಕಲಿತರೂ ಅವನ ಮನಸ್ಸು ಮೀನುಗಳ ಪಳೆಯುಳಿಕೆಗಳಲ್ಲಿ ನೆಟ್ಟಿತ್ತು. 1832ರಲ್ಲಿ ಅವನು ನ್ಯೂಶಾಟೆಲ್ ನಗರದಲ್ಲಿ ಪ್ರಾಧ್ಯಾಪಕನಾದನು. ಹಿಂದೊಂದು ಕಾಲದಲ್ಲಿ ಯೂರೋಪಿನ ಬಹುಭಾಗವನ್ನು ಮಂಜುಗಡ್ಡೆ ಆವರಿಸಿತ್ತೆಂದು 1837ರಲ್ಲಿ ಅವನು ಸಾರಿದಾಗ ಅನೇಕ ವಿದ್ವಾಂಸರು ಒಪ್ಪಲಿಲ್ಲ. ವಾದಕ್ಕಿಂತ ಪ್ರಮಾಣವೇ ಮೇಲೆಂದು ಬಗೆದ ಅಗಾಸಿಯು ಆಲ್ಪ್ಸ್ ಪರ್ವತಶ್ರೇಣಿಯ ಉಂಟರಾರ್ ಹಿಮನದಿಯ ಅಧ್ಯಯನಕ್ಕೆ ತೊಡಗಿದನು.

1827ರಲ್ಲಿ ಹೂಗಿ ಎಂಬ ಸಂಶೋಧಕನು ಆ ಹಿಮನದಿಯ ಮೇಲೆ ಗುಡಿಸಲೊಂದನ್ನು ಕಟ್ಟಿದ್ದನು. 1839ರಲ್ಲಿ ಅಗಾಸಿಯು ಅದನ್ನು ಕಂಡಾಗ ಅದು ಮೊದಲಿದ್ದ ಸ್ಥಳದಿಂದ ಸುಮಾರು 4,000 ಅಡಿ ಕೆಳಗೆ ಸಾಗಿತ್ತು! ಮರುವರ್ಷ ಅವನು ಹಿಮನದಿಯ ಮೇಲಿನ ಹೆಬ್ಬಂಡೆಯೊಂದರ ಆಸರೆಯಲ್ಲಿ ಸಂಗಡಿಗರೊಡನೆ ಬೀಡುಬಿಟ್ಟನು. 1841ರಲ್ಲಿ ಹಿಮನದಿಗೆ ಅಡ್ಡಲಾಗಿ, ನೇರವಾದ ಸಾಲಿನಲ್ಲಿ ಗೂಟಗಳನ್ನು ನೆಡಿಸಿದನು. 1842ರಲ್ಲಿ ನೋಡಿದಾಗ ಆ ಸಾಲು ಬಿಲ್ಲಿನಂತೆ ಬಾಗಿತ್ತು. ದಡದ ಬಂಡೆಗಳು ಅಂಚುಗಳನ್ನು ತಡೆಯುವುದರಿಂದ ನಡುಭಾಗವು ಹೆಚ್ಚು ವೇಗವಾಗಿ ಚಲಿಸುತ್ತದೆಂಬುದು ಹೀಗೆ ಸಿದ್ಧವಾಯಿತು. ಅದೇ ವರ್ಷ ಸ್ಕಾಟ್ಲೆಂಡಿನ ಫೋರ್ಬ್ಸನೂ ಆಲ್ಪ್ಸ್‌ನ ಇನ್ನೊಂದು ಹಿಮನದಿಯಲ್ಲಿ ಇದನ್ನೇ ಅಳೆದು ತೋರಿಸಿದನು.

1846ರಲ್ಲಿ ಅಗಾಸಿಯು ಅಮೆರಿಕಕ್ಕೆ ತೆರಳಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿ ಕೀರ್ತಿವಂತನಾದನು. ಆದರೆ ಹಿಮದ ಮೇಲೆ ಪ್ರಮಾಣಕ್ಕೆ ತಲೆಬಾಗಿದ ಅವನು ಅನ್ಯ ವಿಷಯಗಳಲ್ಲಿ ಹಾಗೆ ನಡೆದುಕೊಳ್ಳಲಿಲ್ಲ. ಡಾರ್ವಿನ್ನನ ವಿಕಾಸವಾದವನ್ನು ಕೊನೆಯವರೆಗೂ ಒಪ್ಪಲಿಲ್ಲ. ಮಾನವ ಜನಾಂಗಗಳು ಬೇರೆಬೇರೆಯಾಗಿ ಸೃಷ್ಟಿಯಾದವು, ಅವು ಸಮಾನವಲ್ಲ ಎಂದೂ ಬೋಧಿಸಿದನು. ಆ ಮಾತು ಗುಲಾಮಗಿರಿಯ ಸಮರ್ಥಕರಿಗೆ ಆಸರೆಯಾಯಿತು. ವಿಜ್ಞಾನವು ಅದನ್ನು ಸಂಪೂರ್ಣವಾಗಿ ತಳ್ಳಿಹಾಕಿದೆ. 1873ರಲ್ಲಿ ಅಗಾಸಿಯು ನಿಧನನಾದನು. ಅವನು ಅಳೆದ ಆ ಹಿಮನದಿಯ ಬಳಿಯಿಂದ ತಂದ ಬಂಡೆಯೇ ಅವನ ಸಮಾಧಿಯ ಗುರುತಾಗಿದೆ.

1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹವು ಮೇಲೇರಿದ ಬಳಿಕ ಆಕಾಶದಿಂದಲೂ ಹಿಮನದಿಗಳನ್ನು ಅಳೆಯುವುದು ಸಾಧ್ಯವಾಯಿತು. ಬೇರೆಬೇರೆ ದಿನಗಳಲ್ಲಿ ತೆಗೆದ ಎರಡು ಚಿತ್ರಗಳನ್ನು ಹೋಲಿಸಿ, ಮಂಜಿನ ಬಿರುಕುಗಳು ಎಷ್ಟು ದೂರ ಸರಿದಿವೆಯೆಂದು ನೋಡಿ ವೇಗವನ್ನು ಲೆಕ್ಕಹಾಕುತ್ತಾರೆ. ಆ ಲೆಕ್ಕವನ್ನು ಪರೀಕ್ಷಿಸಲು ಇಂದಿಗೂ ಹಿಮದ ಮೇಲೆ ಗೂಟಗಳನ್ನು ನೆಡುತ್ತಾರೆ. ಗುರುತು ಮಾಡುವುದು, ತಾಳ್ಮೆಯಿಂದ ಕಾಯುವುದು, ಮತ್ತೆ ಅಳೆಯುವುದು—ಸಾಧನ ಬದಲಾದರೂ ಈ ಮಾರ್ಗ ಬದಲಾಗಿಲ್ಲ. ಅಳೆದು ನೋಡದೆ ನಂಬಿದಲ್ಲಿ ಮಹಾವಿದ್ವಾಂಸನೂ ಎಡವುತ್ತಾನೆಂಬುದಕ್ಕೆ ಅಗಾಸಿಯ ಜೀವನವೇ ಸಾಕ್ಷಿ.